ಹಾಲ್ ಬುಕ್ ಆಯ್ತು ಅಂದ ಮಾತ್ರಕ್ಕೆ

ತಮ್ಮಾ, ಸಂಘದ ಕಾರ್ಯದರ್ಶಿ ಆಗಿದ್ದೀಯ, ಸಂತೋಷ. ಆದರೆ ಮೊನ್ನೆ ಫೋನಿನಲ್ಲಿ "ಹಾಲ್ ಬುಕ್ ಆಯ್ತು ಅಂಕಲ್, ಅಡುಗೆಯವರು ಒಪ್ಪಿದ್ರು, ಡಿಜೆನೂ ಸಿಕ್ಕ, ಇನ್ನೇನು ಮುಗೀತಲ್ಲ" ಅಂದೆ ನೋಡು, ಆ "ಮುಗೀತಲ್ಲ" ಕಿವಿಗೆ ಬಿದ್ದ ಮೇಲೆ ನನಗೆ ಸಮಾಧಾನವಿಲ್ಲ. ಇಂಗ್ಲೆಂಡಿನಲ್ಲಿ ಅದೇ ಮಾತಾಡಿ ಪೆಟ್ಟು ತಿಂದವನು ನಾನು. ಅದಕ್ಕೇ ಈ ಉದ್ದದ ಪತ್ರ. ಒಂದು ಕಾಫಿ ಮಾಡಿಕೊಂಡು ಓದು.

ಮೊದಲು ಪೆಟ್ಟಿನ ಕಥೆ ಹೇಳಿಬಿಡುತ್ತೇನೆ. 2024ರಲ್ಲಿ ಯುಗಾದಿ ಬಂದದ್ದು ಏಪ್ರಿಲ್ 9, ಮಂಗಳವಾರ. ನಮ್ಮ ಮಂಡ್ಯದ ಗೆಳೆಯರಿಗೆ ಬೇವು-ಬೆಲ್ಲ ನೆಪ ಮಾತ್ರ, ಅವರ ಜೀವವೆಲ್ಲ ಹೊಸತೊಡಕಿನಲ್ಲಿ. ಶನಿವಾರ 13ಕ್ಕೆ ಬಾಡೂಟ, ಜೊತೆಗೊಂದು ಬಾರ್ ಕೌಂಟರ್ ಎಂದು ತೀರ್ಮಾನವಾಯಿತು. ಹಬ್ಬದ ಹೆಸರಲ್ಲಿ ಗುಂಡು ಬೇಕೇ ಎಂದು ಸಮಿತಿಯಲ್ಲಿ ಎರಡು ಗಂಟೆ ಜಗಳ ಆಡಿದೆವು. ಅದಕ್ಕೆ ಬೇಕಾದ ಕಾಗದದ ಬಗ್ಗೆ ಎರಡು ನಿಮಿಷ ಮಾತಾಡಲಿಲ್ಲ. ಹಾಲಿಗೆ ಮದ್ಯದ ಪರವಾನಗಿ ಇರಲಿಲ್ಲ. ಅಂಥ ಕಡೆ ಒಂದು ದಿನದ ಮಟ್ಟಿಗೆ ಬಾಟಲಿ ಮಾರಬೇಕಾದರೆ ಕೌನ್ಸಿಲಿಗೆ "ಟೆಂಪರರಿ ಈವೆಂಟ್ ನೋಟಿಸ್" ಕೊಡಬೇಕು. ಎಲ್ಲರೂ "ಟೆನ್" ಅನ್ನುತ್ತಾರೆ. ಶುಲ್ಕ 21 ಪೌಂಡ್. ಅದು ತಲುಪಿದ ದಿನಕ್ಕೂ ಕಾರ್ಯಕ್ರಮದ ದಿನಕ್ಕೂ ನಡುವೆ ಹತ್ತು ಕೆಲಸದ ದಿನ ಇರಬೇಕು. ಹೆಸರಲ್ಲೇ ಹತ್ತು ಇದೆ, ಆದರೂ ಮರೆತೆವು.

ಮಾರ್ಚ್ 30ರ ಶನಿವಾರ ರಾತ್ರಿ ನಾನೇ ಕಂಪ್ಯೂಟರ್ ಮುಂದೆ ಕೂತು ಅರ್ಜಿ ತುಂಬಿದೆ. ಸರಿಯಾಗಿ ಎರಡು ವಾರ ಇದೆ, ಸಾಕು ಅಂದುಕೊಂಡೆ. ಆ ವಾರಾಂತ್ಯ ಈಸ್ಟರ್. ಏಪ್ರಿಲ್ 1ರ ಸೋಮವಾರ ಬ್ಯಾಂಕ್ ರಜೆ. ಅರ್ಜಿ ಅವರ ಲೆಕ್ಕಕ್ಕೆ ಬಂದದ್ದು 2ನೇ ತಾರೀಖು. ಬೆರಳು ಮಡಚಿ ಎಣಿಸು: ಆ ವಾರ 3, 4, 5, ಮುಂದಿನ ವಾರ 8ರಿಂದ 12. ಒಟ್ಟು ಎಂಟೇ ದಿನ. ಹತ್ತು ಆಗಬೇಕಿದ್ದರೆ ಗುಡ್ ಫ್ರೈಡೇಗೂ ಮುಂಚೆ, ಮಾರ್ಚ್ 27ರ ಬುಧವಾರದೊಳಗೆ ಅದು ಅವರ ಕೈಯಲ್ಲಿರಬೇಕಿತ್ತು.

ಐದರಿಂದ ಒಂಬತ್ತು ದಿನ ಉಳಿದಿದ್ದರೆ "ಲೇಟ್ ಟೆನ್" ಅಂತ ತೆಗೆದುಕೊಳ್ಳುತ್ತಾರೆ. ಅದನ್ನು ಕೇಳಿ ನಾನು ನಿಟ್ಟುಸಿರು ಬಿಟ್ಟೆ. ಅಸಲಿ ಕಷ್ಟ ಇದ್ದದ್ದು ಅಲ್ಲೇ. ಟೆನ್‌ನ ಪ್ರತಿ ಪೊಲೀಸರಿಗೂ ಪರಿಸರ ಆರೋಗ್ಯ ವಿಭಾಗಕ್ಕೂ ಹೋಗುತ್ತದೆ, ಆಕ್ಷೇಪ ಎತ್ತಲು ಅವರಿಗೆ ಮೂರು ಕೆಲಸದ ದಿನ. ಸಮಯಕ್ಕೆ ಕೊಟ್ಟ ಟೆನ್ ಆದರೆ ಆಕ್ಷೇಪ ಬಂದರೂ ಕೂತು ಮಾತಾಡಬಹುದು, ವಿಚಾರಣೆ ಕೇಳಬಹುದು. ಲೇಟ್ ಟೆನ್‌ಗೆ ಒಂದು ಆಕ್ಷೇಪ ಬಂತೋ, ಕಥೆ ಮುಗಿಯಿತು. ವಿಚಾರಣೆಯೂ ಇಲ್ಲ, ಮೇಲ್ಮನವಿಯೂ ಇಲ್ಲ.

ನಮಗೆ ಬಂತು. ಹಿಂದಿನ ತಿಂಗಳು ಅದೇ ಹಾಲಿನಲ್ಲಿ ಯಾರೋ ಹುಟ್ಟುಹಬ್ಬ ಮಾಡಿ, ಹಿಂಬಾಗಿಲು ತೆರೆದಿಟ್ಟು ಸ್ಪೀಕರ್ ಹಾಕಿದ್ದರಂತೆ. ಪಕ್ಕದ ಮನೆಯವರ ದೂರು ಕಡತದಲ್ಲಿತ್ತು. ಫೋನ್ ಮಾಡಿದ ಅಧಿಕಾರಿ ಹೆಣ್ಣುಮಗಳು ಮರ್ಯಾದೆಯಿಂದಲೇ ಹೇಳಿದಳು: ಒಂದು ವಾರ ಮೊದಲು ಬಂದಿದ್ದರೆ ಹಿಂಬಾಗಿಲು ಮುಚ್ಚಿಡಿ, ಹತ್ತೂವರೆಗೆ ಸಂಗೀತ ನಿಲ್ಲಿಸಿ ಅಂತ ಒಪ್ಪಂದ ಮಾಡಿಕೊಂಡು ಬಿಟ್ಟುಬಿಡುತ್ತಿದ್ದೆ, ಈಗ ಅದಕ್ಕೆ ದಾರಿಯೇ ಇಲ್ಲ. ಹೊಸತೊಡಕು ಮಜ್ಜಿಗೆಯಲ್ಲಿ ಮುಗಿಯಿತು. ಮಟನ್ ಸಾರಿನ ಮುಂದೆ ಮಜ್ಜಿಗೆ ಲೋಟ ಹಿಡಿದು ಕೂತ ಮಂಡ್ಯದವರ ಮುಖ ಈಗಲೂ ಕಣ್ಣಿಗೆ ಕಟ್ಟಿದೆ. ಅದರಲ್ಲೊಬ್ಬರು ಇವತ್ತಿಗೂ ನನ್ನನ್ನು "ಮಜ್ಜಿಗೆ ಸಾಹೇಬ್ರು" ಅಂತಲೇ ಕರೆಯುವುದು.

ಆವತ್ತು ಒಬ್ಬ ಬುದ್ಧಿವಂತ ಉಪಾಯ ಹೇಳಿದ: "ಮಾರೋದು ತಾನೇ ಬೇಡ? ಟಿಕೆಟ್‌ನಲ್ಲೇ ಸೇರಿಸಿ ಫ್ರೀ ಅಂತ ಕೊಡೋಣ." ಈ ಉಪಾಯ ನಿನ್ನ ಹತ್ತಿರವೂ ಬರುತ್ತದೆ, ಬರೆದಿಟ್ಟುಕೋ. ಟಿಕೆಟ್ಟಿನ ಹಣದಲ್ಲಿ ಬೀರಿನ ಹಣ ಸೇರಿದ್ದರೆ ಅದು ಮಾರಾಟವೇ. "ದೇಣಿಗೆ ಕೊಟ್ಟವರಿಗೆ ಒಂದು ಗ್ಲಾಸ್" ಅಂದರೂ ಅದೇ. ಅನುಮತಿ ಇಲ್ಲದೆ ಮಾಡಿ ಸಿಕ್ಕಿಬಿದ್ದರೆ ದಂಡಕ್ಕೆ ಮಿತಿಯಿಲ್ಲ, ಆರು ತಿಂಗಳ ಜೈಲಿಗೂ ಅವಕಾಶವಿದೆ. ನಿಜಕ್ಕೂ ಪುಕ್ಕಟೆ ಕೊಟ್ಟರೆ ಕಾನೂನಿನ ತಕರಾರಿಲ್ಲ, ಆದರೆ ನಮ್ಮ ಖಜಾಂಚಿ ಅದಕ್ಕೆ ಒಪ್ಪುವ ಆಸಾಮಿಯೇ? ಅವರವರ ಬಾಟಲಿ ಅವರವರೇ ತರಲಿ ಎನ್ನಬಹುದು, ಹಾಲಿನವರ ನಿಯಮ ಬಿಟ್ಟರೆ.

ನಮ್ಮ ಊರಿನ ಅಂದಾಜು ಇಲ್ಲಿ ಕೈಕೊಡುವುದು ಹೀಗೆ. ಕರ್ನಾಟಕದಲ್ಲಿ ಬಾರ್ ಅಂದರೆ ಸಿಎಲ್-9, ಅದು ಅಬಕಾರಿ ಇಲಾಖೆಯ ಬಾಬತ್ತು. ನಗರಸಭೆಗೆ ಹೋಗಿ ಯಾರೂ ಎಣ್ಣೆ ಲೈಸೆನ್ಸ್ ಕೇಳುವುದಿಲ್ಲ. ಇಂಗ್ಲೆಂಡ್, ವೇಲ್ಸಿನಲ್ಲೂ ಮೊದಲು ಅದು ಮ್ಯಾಜಿಸ್ಟ್ರೇಟರ ಕೈಯಲ್ಲಿತ್ತು. 2003ರ ಲೈಸೆನ್ಸಿಂಗ್ ಕಾಯ್ದೆ 2005ರ ನವೆಂಬರ್ 24ರಂದು ಪೂರ್ತಿ ಜಾರಿಗೆ ಬಂದ ಮೇಲೆ, ಕಸ ಎತ್ತುವ ಕೌನ್ಸಿಲೇ ಪಬ್ಬಿಗೂ ಪರವಾನಗಿ ಕೊಡುತ್ತದೆ. ಅವರು ನೋಡುವುದು ನಾಲ್ಕೇ ಸಂಗತಿ: ಅಪರಾಧ ತಡೆ, ಜನರ ಸುರಕ್ಷತೆ, ನೆರೆಹೊರೆಗೆ ಕಿರಿಕಿರಿ ಆಗದಿರುವುದು, ಮಕ್ಕಳಿಗೆ ಕೇಡಾಗದಿರುವುದು. ನೀನು ಎಷ್ಟು ದೊಡ್ಡ ಮನುಷ್ಯ, ಯಾರ ಪರಿಚಯ ಇದೆ ಅನ್ನುವುದು ಆ ನಾಲ್ಕರಲ್ಲಿಲ್ಲ. ಲಂಡನ್ನಿನ ಲ್ಯಾಂಬೆತ್ ಕೌನ್ಸಿಲಿಗೆ ಕಲಬುರಗಿಯ ನೀರಜ್ ಪಾಟೀಲರೇ ಮೇಯರ್ ಆಗಿದ್ದರು. ಅವರಿದ್ದಾಗಲೂ ಹತ್ತು ದಿನ ಒಂಬತ್ತಾಗುತ್ತಿರಲಿಲ್ಲ. ವಶೀಲಿ ಹುಡುಕುವ ಹೊತ್ತಿನಲ್ಲಿ ಕ್ಯಾಲೆಂಡರ್ ತೆಗೆ.

ಇನ್ನು ಹಾಡು, ಕುಣಿತ. ಇದಕ್ಕೆ ಹೆದರಬೇಡ. 2012ರಿಂದೀಚೆಗೆ ನಿಯಮ ಬಹಳ ಸಡಿಲವಾಗಿದೆ. ಬೆಳಿಗ್ಗೆ 8ರಿಂದ ರಾತ್ರಿ 11ರವರೆಗೆ, 500 ಪ್ರೇಕ್ಷಕರ ಒಳಗೆ, ಸಮುದಾಯ ಭವನದಲ್ಲಿ ನಾಟಕ, ನೃತ್ಯ, ಸುಗಮ ಸಂಗೀತಕ್ಕೆಲ್ಲ ಸಾಮಾನ್ಯವಾಗಿ ಪರವಾನಗಿ ಬೇಡ. ಯಕ್ಷಗಾನ ತರಿಸುವ ಆಸೆ ನಿನಗಿದೆಯಂತೆ. ಒಳ್ಳೆಯದೇ, ಆದರೆ ಊರಲ್ಲಿ ಹನ್ನೊಂದು ಗಂಟೆಗೆ ಆಟ ರಂಗೇರುವುದು, ಇಲ್ಲಿ ಅಷ್ಟು ಹೊತ್ತಿಗೆ ಮಂಗಳ ಹಾಡಿರಬೇಕು. ಬೆಳಗಿನ ತನಕ ಆಡಿಸಬೇಕಾದರೆ ಟೆನ್ ಬೇಕು. ಇನ್ನೊಂದು ತಮಾಷೆ ಕೇಳು: ರಾತ್ರಿ 11ರಿಂದ ಬೆಳಗಿನ 5ರವರೆಗೆ ಬಿಸಿ ತಿಂಡಿ, ಬಿಸಿ ಪಾನೀಯ ಮಾರುವುದೂ ಪರವಾನಗಿಯ ವ್ಯಾಪ್ತಿಗೆ ಬರುತ್ತದೆ. ನಡುರಾತ್ರಿಯ ಬಿಸಿ ಬಜ್ಜಿಗೆ ಕಾಗದ ಬೇಕು, ತಣ್ಣನೆ ಮಜ್ಜಿಗೆಗೆ ಬೇಡ. ಮಜ್ಜಿಗೆ ನನ್ನನ್ನು ಬಿಡುವ ಹಾಗೆ ಕಾಣುವುದಿಲ್ಲ.

ಫಾರಂ ತುಂಬುವಾಗ "ಗರಿಷ್ಠ ಎಷ್ಟು ಜನ" ಎಂಬಲ್ಲಿ ಸುಮ್ಮನೆ 499 ಅಂತ ಬರೆಯಬೇಡ. ಟೆನ್‌ನ ಮಿತಿ ಅದೇ ಹೌದು. ಅದರಲ್ಲಿ ಅಡುಗೆಯವರು, ಚೆಂಡೆಯವರು, ಕಾರ್ ಪಾರ್ಕಿನಲ್ಲಿ ಟಾರ್ಚ್ ಹಿಡಿದ ಸ್ವಯಂಸೇವಕರು ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಬೆಂಕಿ ಸುರಕ್ಷತೆಯ ಪ್ರಕಾರ ಹಾಲಿಗೆ 180 ಜನ ಅಂದರೆ 180 ಅಂತಲೇ ಬರೆ. ಆ ಹಾಲಿನಲ್ಲಿ ಈ ವರ್ಷ ಎಷ್ಟು ಟೆನ್ ಆಗಿವೆ ಅಂತ ಮೇಲ್ವಿಚಾರಕರನ್ನು ಮೊದಲೇ ಕೇಳು. ಒಂದು ಜಾಗಕ್ಕೆ ವರ್ಷಕ್ಕೆ ಇಷ್ಟೇ ಅಂತಿದೆ, ಬೇರೆಯವರ ಮದುವೆ ಪಾರ್ಟಿಗಳು ನಿನ್ನ ಪಾಲನ್ನು ತಿಂದಿರಬಹುದು.

ಹಾಲಿನ ಹಿಂದಿನ ಮೂರು ಮನೆಗಳಿಗೆ ಮಾತ್ರ ನೀನೇ ಹೋಗು. ವಾರ ಮೊದಲು ಒಂದು ಚೀಟಿ, ಅದರಲ್ಲಿ ನಿನ್ನ ಮೊಬೈಲ್ ನಂಬರ್, ಜೊತೆಗೊಂದು ಡಬ್ಬಿ ಮೈಸೂರು ಪಾಕ್. ಗದ್ದಲ ಆದರೆ ಕೌನ್ಸಿಲಿಗಿಂತ ಮೊದಲು ನಿನಗೆ ಫೋನ್ ಬರಲಿ. ಆ ಡಬ್ಬಿ ನೆರೆಯವರಿಗೆ. ಅಧಿಕಾರಿಯ ಮೇಜಿನ ಮೇಲೆ ಪ್ರೀತಿಯಿಂದಲೂ ಇಡಬೇಡ, ಪಾಪ, ಆಕೆಗೆ ಫಜೀತಿ.

ಕೊನೆಗೆ ನಿನ್ನ ದೋಸೆ ಗಾಡಿ. ಸ್ಟೇಷನ್ ಮುಂದೆ ಶನಿವಾರ ಕಾವಲಿ ಇಟ್ಟರೆ ಜನ ಮುತ್ತುತ್ತಾರೆ ಅಂದೆಯಲ್ಲ, ಮುತ್ತುತ್ತಾರೆ. ಆದರೆ 1982ರ ಕಾಯ್ದೆಯ ಪ್ರಕಾರ ಕೌನ್ಸಿಲುಗಳು ಬೀದಿಗಳನ್ನು ಮೂರು ಬಗೆ ಮಾಡಿಟ್ಟಿವೆ: ವ್ಯಾಪಾರವೇ ನಿಷಿದ್ಧವಾದ ಬೀದಿ, ಲೈಸೆನ್ಸ್ ಬೇಕಾದ ಬೀದಿ, "ಕನ್ಸೆಂಟ್" ಅಂದರೆ ಬರೀ ಒಪ್ಪಿಗೆ ಬೇಕಾದ ಬೀದಿ. ಲಂಡನ್ನಿಗೆ, ಸ್ಕಾಟ್ಲೆಂಡಿಗೆ ಬೇರೆ ಕಾಯ್ದೆ, ಅದು ಬಿಡು. ಒಪ್ಪಿಗೆ ಅನ್ನುವುದು ಕೇಳಲು ಹಗುರ, ಆದರೆ ಅದನ್ನು ಅವರು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು, ಮೇಲ್ಮನವಿಗೆ ಜಾಗವಿಲ್ಲ. ಲೈಸೆನ್ಸ್ ಆದರೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು. ಸಾಲ ಮಾಡಿ ದೊಡ್ಡ ವ್ಯಾನ್ ಕೊಳ್ಳುವ ಮುಂಚೆ ನಿನ್ನ ಬೀದಿ ಯಾವ ಪಟ್ಟಿಯಲ್ಲಿದೆ ನೋಡು.

ಇಲ್ಲೂ ಒಬ್ಬ ಬುದ್ಧಿವಂತ ಸಿಗುತ್ತಾನೆ: "ಪೊಲೀಸರ ಹತ್ತಿರ ಪೆಡ್ಲರ್ ಸರ್ಟಿಫಿಕೇಟ್ ತಗೋ, 12 ಪೌಂಡ್ 25 ಪೆನ್ಸ್, ಎಲ್ಲಿ ಬೇಕಾದ್ರೂ ಮಾರು." ಅದು 1871ರ ಕಾಯ್ದೆ, ಈಗಲೂ ಜೀವಂತ. ಆದರೆ ಅದು ತಲೆಮೇಲೆ ಬುಟ್ಟಿ ಹೊತ್ತು ಬೀದಿ ಬೀದಿ ಸುತ್ತುವ ನಮ್ಮ ಬಳೆಗಾರನಂಥವರಿಗೆ. ನಡೆಯುತ್ತಾ ಮಾರಬೇಕು, ಒಂದೆಡೆ ಠಿಕಾಣಿ ಹೂಡುವ ಹಾಗಿಲ್ಲ. ಕಾದ ಕಾವಲಿ ಹೊತ್ತು ನಡೆಯುತ್ತಾ ದೋಸೆ ಹುಯ್ಯುವ ವಿದ್ಯೆ ನಿನಗೆ ಬರುತ್ತದೆಯೇ? ಇದಲ್ಲದೆ ಆಹಾರ ವ್ಯಾಪಾರ ಅಂತ ಶುರುವಿಗೆ 28 ದಿನ ಮೊದಲೇ ನೋಂದಣಿ ಮಾಡಿಸಬೇಕು. ಅದಕ್ಕೆ ದುಡ್ಡಿಲ್ಲ. ಆಮೇಲೆ ತಪಾಸಣೆಗೆ ಬಂದು ಸೊನ್ನೆಯಿಂದ ಐದರವರೆಗೆ ಅಂಕ ಹಾಕಿ ಹೋಗುತ್ತಾರೆ.

ಮುಂದಿನ ಬುಧವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಕೌನ್ಸಿಲಿನ ಲೈಸೆನ್ಸಿಂಗ್ ಉಪಸಮಿತಿ ಸೇರುತ್ತಿದೆ. ಮೂವರು ಕೌನ್ಸಿಲರುಗಳು ಕೂರುತ್ತಾರೆ, ಸಾರ್ವಜನಿಕರಿಗೂ ಪ್ರವೇಶ ಉಂಟು. ಹೈಸ್ಟ್ರೀಟಿನ ಒಂದು ಅಂಗಡಿ ರಾತ್ರಿ ಒಂದರವರೆಗೆ ಮದ್ಯ ಮಾರಲು ಕೇಳಿದೆಯಂತೆ, ಅದರ ಮೇಲಿನ ಮಹಡಿಯಲ್ಲಿರುವ ಅಜ್ಜಿ ಬೇಡ ಅನ್ನುತ್ತಿದ್ದಾಳಂತೆ. ಅರ್ಧ ದಿನ ರಜೆ ಹಾಕಿ ಬಾ, ಹಿಂದಿನ ಸಾಲಿನಲ್ಲಿ ಕೂತು ನೋಡೋಣ. ಬರುವಾಗ ಸಂಘದ ಫೈಲನ್ನೂ ಹೊಸ ವರ್ಷದ ಕ್ಯಾಲೆಂಡರನ್ನೂ ಹಿಡಿದುಕೊಂಡು ಬಾ. ಬ್ಯಾಂಕ್ ರಜೆಗಳಿಗೆ ಕೆಂಪು ಸುತ್ತು ಹಾಕುವ ಪೆನ್ನು ನಾನು ತರುತ್ತೇನೆ.