ಲಂಡನ್–ಪ್ಯಾರಿಸ್: ಟಿಕೆಟ್ ತೆಗೆಯುವ ಮುನ್ನ

ಲಂಡನ್ನಿನಿಂದ ಪ್ಯಾರಿಸ್‌ಗೆ ನೇರ ದೂರ ಸುಮಾರು 345 ಕಿಲೋಮೀಟರ್, ಹೆಚ್ಚುಕಡಿಮೆ ಬೆಂಗಳೂರು–ಮಂಗಳೂರು ರಸ್ತೆಯಷ್ಟು. ವಿಮಾನಕ್ಕೆ ಒಂದೂಕಾಲು ಗಂಟೆ ಸಾಕು. ಟಿಕೆಟ್ಟಿನಲ್ಲಿ 10 ಗಂಟೆಗೆ ಹೊರಟು 12.15ಕ್ಕೆ ತಲುಪುತ್ತದೆ ಎಂದಿದ್ದರೆ ಗಾಬರಿಯಾಗಬೇಡಿ. ಪ್ಯಾರಿಸ್ ಗಡಿಯಾರ ಲಂಡನ್ನಿಗಿಂತ ಒಂದು ಗಂಟೆ ಮುಂದಿರುತ್ತದೆ, ಎರಡೂ ಕಡೆ ಸ್ಥಳೀಯ ಸಮಯವನ್ನೇ ಬರೆದಿರುತ್ತಾರೆ.

ಆದರೆ ಈ ಒಂದೂಕಾಲು ಗಂಟೆಯನ್ನು ನಂಬಿ ದಿನದ ಯೋಜನೆ ಹಾಕಬಾರದು. ನಗರದ ಮಧ್ಯದಿಂದ ಹೀಥ್ರೂ ವಿಮಾನ ನಿಲ್ದಾಣ ತಲುಪಲು ಒಂದು ಗಂಟೆ, ಅಲ್ಲಿ ಎರಡು ಗಂಟೆ ಮುಂಚೆ ಇರಬೇಕು. ಇಳಿದ ಮೇಲೆ ಶಾರ್ಲ್ ದ ಗಾಲ್ ನಿಲ್ದಾಣದ ಪಾಸ್‌ಪೋರ್ಟ್ ಸಾಲು, ಲಗೇಜು, ಆಮೇಲೆ ಆರ್‌ಇಆರ್ ಬಿ ರೈಲು ಹಿಡಿದು ಊರೊಳಗೆ ಹೋಗಬೇಕು. ಎಲ್ಲ ಸೇರಿ ಐದೂವರೆ–ಆರು ಗಂಟೆ ಹೋಗಿಬಿಡುತ್ತದೆ. ಲೂಟನ್, ಗ್ಯಾಟ್ವಿಕ್‌ನಿಂದ ಹೊರಡುವ ಅಗ್ಗದ ವಿಮಾನಗಳಲ್ಲಿ ದೊಡ್ಡ ಸೂಟ್‌ಕೇಸಿಗೆ ಬೇರೆ ದುಡ್ಡು ಕೊಡಬೇಕು.

ನನ್ನನ್ನು ಕೇಳಿದರೆ ಯೂರೋಸ್ಟಾರ್ ರೈಲನ್ನೇ ಹಿಡಿಯಿರಿ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್‌ನಿಂದ ಪ್ಯಾರಿಸ್‌ನ ಗಾರ್ ದು ನಾರ್‌ಗೆ ಸುಮಾರು ಎರಡು ಗಂಟೆ ಇಪ್ಪತ್ತು ನಿಮಿಷ. ಎರಡೂ ನಿಲ್ದಾಣಗಳು ಊರೊಳಗೇ ಇವೆ, ಹತ್ತಿರದಲ್ಲೇ ಮೆಟ್ರೋ ಸಿಗುತ್ತದೆ. ಬಯಲಲ್ಲಿ ಗಂಟೆಗೆ 300 ಕಿಲೋಮೀಟರ್ ಓಡುವ ರೈಲು ಸಮುದ್ರ ದಾಟಿಸುವ ಸುರಂಗದೊಳಗೆ 160ಕ್ಕೆ ಇಳಿಯುತ್ತದೆ. 1994ರಲ್ಲಿ ತೆರೆದ ಆ ಸುರಂಗದ ಉದ್ದ 50 ಕಿಲೋಮೀಟರ್, ಅದರಲ್ಲಿ 38 ಸಮುದ್ರದಡಿ. ಸಮುದ್ರ ಕಾಣಬಹುದೆಂದು ಕಾದು ಕೂತ ಮಕ್ಕಳಿಗೆ ಮೊದಲೇ ಹೇಳಿಬಿಡಿ: ಇಪ್ಪತ್ತು ನಿಮಿಷ ಕಿಟಕಿಯಾಚೆ ಬರೀ ಕತ್ತಲೆ.

ರೈಲೆಂದು ಕೊನೆ ಗಳಿಗೆಯಲ್ಲಿ ಓಡಿ ಬಂದರೆ ಆಗದು. ಸಾಮಾನ್ಯ ದರ್ಜೆಯವರಿಗೆ ರೈಲು ಹೊರಡುವ ಅರ್ಧ ಗಂಟೆ ಮೊದಲೇ ಗೇಟು ಮುಚ್ಚುತ್ತದೆ. ಬ್ಯಾಗುಗಳ ತಪಾಸಣೆಯಾದ ಮೇಲೆ ಫ್ರೆಂಚ್ ಗಡಿ ಪೊಲೀಸರು ಲಂಡನ್ನಿನಲ್ಲೇ ನಿಮ್ಮ ಪಾಸ್‌ಪೋರ್ಟ್ ನೋಡುತ್ತಾರೆ; ಯುರೋಪಿನವರಲ್ಲದ ನಮಗೆ ಬೆರಳಚ್ಚು, ಫೋಟೋ ಎಂದು ಹೊತ್ತು ಹಿಡಿಯುತ್ತದೆ. ಒಂದೂವರೆ ಗಂಟೆ ಮುಂಚೆ ಹೋಗಿ. ಅದರ ಲಾಭ ಆಮೇಲೆ ಗೊತ್ತಾಗುತ್ತದೆ: ಪ್ಯಾರಿಸ್‌ನಲ್ಲಿ ಇಳಿದವರು ಯಾವ ಸಾಲಿನಲ್ಲೂ ನಿಲ್ಲದೆ ಸೀದಾ ಬೀದಿಗೆ ನಡೆಯಬಹುದು. ಗಾರ್ ದು ನಾರ್ ಸುತ್ತಮುತ್ತ ಜೇಬುಗಳ್ಳರ ಕಾಟವಿದೆ, ಫೋನು ಒಳಜೇಬಿನಲ್ಲಿರಲಿ. ಅಂದಹಾಗೆ, ತುಪ್ಪ, ಪನೀರ್, ಮಾಂಸ ಬ್ರಿಟನ್ನಿನಿಂದ ಫ್ರಾನ್ಸಿಗೆ ಒಯ್ಯುವಂತಿಲ್ಲ.

ಬೆಂಗಳೂರಿನಿಂದ ಹೀಥ್ರೂಗೆ ಬಂದಿಳಿದು ಅಂದೇ ಪ್ಯಾರಿಸ್‌ಗೆ ಹೊರಡುವವರಿಗೆ ಮಾತ್ರ ವಿಮಾನ ಸರಿ, ಅದೂ ಒಂದೇ ಟಿಕೆಟ್ಟಿನಲ್ಲಿದ್ದರೆ.

ಎಲ್ಲಕ್ಕಿಂತ ದೊಡ್ಡ ವಿಷಯ ವೀಸಾ. ಫ್ರಾನ್ಸ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಷೆಂಗೆನ್ ಕೂಟದಲ್ಲಿ ಬ್ರಿಟನ್ ಇಲ್ಲ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಎರಡು ಪ್ರತ್ಯೇಕ ವೀಸಾ ಬೇಕು. ಷೆಂಗೆನ್‌ಗೆ ಪ್ರಯಾಣದ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಬ್ರಿಟನ್ನಿಗೆ ಮೂರು ತಿಂಗಳೊಳಗೆ. ಹಾಗಾಗಿ ಮೊದಲು ಫ್ರಾನ್ಸ್ ವೀಸಾ ಮುಗಿಸಿ, ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಮುಂದಿನದಕ್ಕೆ ಕೈಹಾಕಿ. ಷೆಂಗೆನ್ ವೀಸಾ ಒಂದೇ ಪ್ರವೇಶದ್ದಾದರೆ ಪ್ಯಾರಿಸ್‌ನಿಂದ ಲಂಡನ್ನಿಗೆ ಹೋದವರು ಮತ್ತೆ ಫ್ರಾನ್ಸಿಗೆ ಬರಲಾಗದು. ಲಂಡನ್ನಿನಲ್ಲಿ ಇಳಿದು, ಪ್ಯಾರಿಸ್‌ನಿಂದ ನೇರ ಬೆಂಗಳೂರಿಗೆ ಮರಳುವ ಟಿಕೆಟ್ ತೆಗೆದರೆ ಈ ತೊಡಕೂ ಇಲ್ಲ, ವಾಪಸ್ ಲಂಡನ್ನಿಗೆ ಹೋಗುವ ಖರ್ಚೂ ಇಲ್ಲ.