ಕಂಪನಿಗಳ ನಡುವೆ ಡಿಜಿಟಲ್ ಟ್ವಿನ್: ಗೆಲ್ಲಿಸುವ ಆರು ಸೂತ್ರಗಳು

2020ರಲ್ಲಿ ಕೋವಿಡ್ ಬಂದೊಡನೆ ಕಾರು ಕಂಪನಿಗಳು ಚಿಪ್ ಆರ್ಡರ್ ಕಡಿತಗೊಳಿಸಿದವು. ಚಿಪ್ ಕಾರ್ಖಾನೆಗಳು ಆ ಸಾಮರ್ಥ್ಯವನ್ನು ಲ್ಯಾಪ್‌ಟಾಪ್, ಫೋನ್ ತಯಾರಕರಿಗೆ ಕೊಟ್ಟುಬಿಟ್ಟವು. ಕಾರಿಗೆ ಬೇಡಿಕೆ ಮರಳಿದಾಗ ಚಿಪ್ ಇಲ್ಲದೆ ಅಸೆಂಬ್ಲಿ ಲೈನ್‌ಗಳೇ ನಿಂತವು. ಕಾರು ಕಂಪನಿಗೂ ಚಿಪ್ ಕಾರ್ಖಾನೆಗೂ ನಡುವೆ ಎರಡು ಮೂರು ಹಂತದ ಸರಬರಾಜುದಾರರು; ಒಬ್ಬರ ಸ್ಥಿತಿ ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. 2021ರಲ್ಲಿ ಬಿಎಂಡಬ್ಲ್ಯು, ಮರ್ಸಿಡಿಸ್ ಬೆಂಜ್, ಬಾಷ್, ಎಸ್‌ಎಪಿ ಮುಂತಾದವು ಜರ್ಮನಿಯಲ್ಲಿ ಕ್ಯಾಟಿನಾ-ಎಕ್ಸ್ ಎಂಬ ಮಾಹಿತಿ ಹಂಚಿಕೆಯ ಜಾಲ ಕಟ್ಟಿದವು. ಬಿಡಿಭಾಗ, ಯಂತ್ರ, ಉತ್ಪಾದನೆಯ ಸ್ಥಿತಿಯನ್ನು ಕಂಪ್ಯೂಟರಿನಲ್ಲಿ ಹಿಡಿದಿಡುವ ಡಿಜಿಟಲ್ ಟ್ವಿನ್ ಕಾರ್ಖಾನೆಯ ಗೇಟು ದಾಟಿದರೆ ಏನೇನು ಬೇಕಾಗುತ್ತದೆ ಎಂಬುದಕ್ಕೆ ಅದೇ ಒಳ್ಳೆಯ ಪಾಠ.

1. ನಿರ್ಧಾರದಿಂದ ಶುರುಮಾಡಿ. ಇಡೀ ಕಾರ್ಖಾನೆಯ ಮೂರು ಆಯಾಮದ ಮಾದರಿ ಈಗ ಬೇಡ. ‘ಈ ಭಾಗ ಯಾವ ವಾರ ಎಷ್ಟು ಬೇಕು, ಎಷ್ಟು ಕೊಡಬಲ್ಲಿರಿ?’ ಎಂಬ ಒಂದು ಪ್ರಶ್ನೆ ಸಾಕು. ಕ್ಯಾಟಿನಾ-ಎಕ್ಸ್‌ನಲ್ಲಿ ಕೊಳ್ಳುವವರು ವಾರವಾರದ ಬೇಡಿಕೆ ಕೊಡುತ್ತಾರೆ, ಸರಬರಾಜುದಾರರು ವಾರವಾರದ ಸಾಮರ್ಥ್ಯ ಹೇಳುತ್ತಾರೆ. ಯಾವ ವಾರ ತಾಳೆಯಾಗುವುದಿಲ್ಲವೋ ಆ ವಾರದ ಮಾತುಕತೆ ಈಗಲೇ ಆರಂಭ.

2. ಮಾಹಿತಿ ಅದರ ಮಾಲೀಕರ ಬಳಿಯೇ ಇರಲಿ. ಎಲ್ಲರದ್ದನ್ನೂ ಒಂದೇ ಉಗ್ರಾಣಕ್ಕೆ ಸುರಿಯಬೇಕಿಲ್ಲ. ಬಳಕೆಯ ಷರತ್ತಿಗೆ ಎರಡೂ ಕಡೆ ಒಪ್ಪಿದ ಮೇಲೆ, ಬೇಕಾದಷ್ಟು ಮಾತ್ರ ನೇರವಾಗಿ ಕೈ ಬದಲಾಗಲಿ. ಬಹುತೇಕ ಯೋಜನೆಗಳ ಅಳಿವು ಉಳಿವು ಇಲ್ಲೇ ಎಂಬುದು ನನ್ನ ದೃಢ ನಂಬಿಕೆ. ‘ಯಂತ್ರ ಖಾಲಿ ಇದೆ ಎಂದು ತೋರಿಸಿದರೆ ನಾಳೆ ದರ ಇಳಿಸಿ ಅನ್ನುತ್ತಾರೆ’ ಎಂಬ ಸಣ್ಣ ಸರಬರಾಜುದಾರರ ಭಯ ನ್ಯಾಯವಾದದ್ದೇ. ಸಾಮರ್ಥ್ಯದ ಅಂಕಿ ಯೋಜನಾ ವಿಭಾಗಕ್ಕಷ್ಟೇ, ದರ ಚೌಕಾಸಿಯ ಮೇಜಿಗೆ ಹೋಗಕೂಡದು ಎಂದು ಒಪ್ಪಂದದಲ್ಲೇ ಬರೆಸಿ. ಬಾಯಿಮಾತಿನ ಭರವಸೆ ನಂಬಬೇಡಿ.

3. ಒಂದೇ ಮಾನಕಕ್ಕೆ ಒಪ್ಪಿಕೊಳ್ಳಿ. ಡಿಜಿಟಲ್ ಟ್ವಿನ್‌ನ ಮಾಹಿತಿಯನ್ನು ಎಲ್ಲರಿಗೂ ಒಂದೇ ರೂಪದಲ್ಲಿ ಬರೆದಿಡುವ ಅಸೆಟ್ ಅಡ್ಮಿನಿಸ್ಟ್ರೇಷನ್ ಶೆಲ್ ಈಗ ಐಇಸಿ 63278 ಅಂತರರಾಷ್ಟ್ರೀಯ ಮಾನಕವಾಗಿದೆ. ಒಬ್ಬೊಬ್ಬ ಗ್ರಾಹಕರಿಗೂ ಒಂದೊಂದು ನಮೂನೆ ಮಾಡುತ್ತ ಕೂರುವ ಕಷ್ಟ ತಪ್ಪುತ್ತದೆ.

4. ಜಾಡು ಹಿಡಿಯುವಂತಿರಲಿ. ಯಾವ ಬ್ಯಾಚಿನ ಬೋಲ್ಟ್ ಯಾವ ಗೇರ್‌ಬಾಕ್ಸ್‌ಗೆ ಹೋಯಿತೆಂದು ಗೊತ್ತಿದ್ದರೆ, ದೋಷ ಸಿಕ್ಕಾಗ ಆ ಬ್ಯಾಚಿನ ವಾಹನಗಳನ್ನಷ್ಟೇ ವಾಪಸ್ ಕರೆದರಾಯಿತು. ಮೇಲಿನ ಒಂದು ಹಂತ, ಕೆಳಗಿನ ಒಂದು ಹಂತ ಕಂಡರೆ ಸಾಕು. ಇಡೀ ಸರಪಳಿ ಎಲ್ಲರಿಗೂ ತೆರೆದಿಡಬೇಕಾಗಿಲ್ಲ. ಇಂಥ ದಾಖಲೆಯನ್ನು ಈಗ ಕಾನೂನೂ ಕೇಳುತ್ತಿದೆ: ಯುರೋಪ್ ಒಕ್ಕೂಟದಲ್ಲಿ ಮಾರುವ ವಿದ್ಯುತ್ ವಾಹನದ ಬ್ಯಾಟರಿಗೆ 2027ರ ಫೆಬ್ರವರಿ 18ರಿಂದ ಡಿಜಿಟಲ್ ಪಾಸ್‌ಪೋರ್ಟ್ ಕಡ್ಡಾಯ. ತಯಾರಿಗೆ ಸಮಯ ಹೆಚ್ಚಿಲ್ಲ.

5. ಪ್ರತಿ ಅಂಕಿಗೂ ದಿನಾಂಕ ಇರಲಿ. ಅಳೆದದ್ದೋ ಅಂದಾಜೋ ಎಂದೂ ನಮೂದಿಸಿ. ಹಳಸಿದ ಅಂಕಿ ನೋಡಿ ಯಾರೂ ಆರ್ಡರ್ ಕೊಡಬಾರದು.

6. ಸಣ್ಣವರಿಗೆ ದಾರಿ ಸುಲಭ ಮಾಡಿ. ಬೆಂಗಳೂರಿನ ಪೀಣ್ಯದಲ್ಲಿ ಹತ್ತಾರು ಜನರನ್ನಿಟ್ಟುಕೊಂಡು ಬಿಡಿಭಾಗ ಕೊರೆಯುವ ಘಟಕಕ್ಕೆ ಪ್ರತ್ಯೇಕ ಐಟಿ ವಿಭಾಗ ಎಲ್ಲಿಂದ ಬರಬೇಕು? ಎಕ್ಸೆಲ್ ಹಾಳೆಯನ್ನೋ ಸರಳ ವೆಬ್ ಫಾರ್ಮನ್ನೋ ತುಂಬಿಸಿದರೆ ಸಾಕೆನ್ನುವ ವ್ಯವಸ್ಥೆ ಇರಲಿ. ಮಾಹಿತಿ ಕೇಳಿದ ದೊಡ್ಡ ಕಂಪನಿಯೇ ಮೊದಲ ವರ್ಷದ ಖರ್ಚು, ತರಬೇತಿ ಎರಡನ್ನೂ ಹೊರಲಿ.