ಯಾವ ನಿರ್ಧಾರಕ್ಕೆ ಈ ಲೆಕ್ಕ?

ಮಗಳೇ,

ನೀನು ಹಾಲು ಒಕ್ಕೂಟದ ಎಂಐಎಸ್ (ಆಡಳಿತ ಮಾಹಿತಿ) ವಿಭಾಗಕ್ಕೆ ಸೇರಿದೆ ಅಂತ ತಿಳಿದಾಗ ಮನೆಯವರೆಲ್ಲ ಸಂಬಳ ಎಷ್ಟು, ಕ್ವಾರ್ಟರ್ಸ್ ಕೊಡ್ತಾರಾ ಅಂತ ವಿಚಾರಿಸಿದರು. ನನ್ನ ಮನಸ್ಸಿಗೆ ನಾಟಿದ್ದು ನೀನು ಫೋನಿನಲ್ಲಿ ಕೇಳಿದ ಮಾತು: "ದೊಡ್ಡಪ್ಪ, ದಿನಾ ಇಷ್ಟೊಂದು ರಿಪೋರ್ಟ್ ಕಳಿಸಬೇಕಂತೆ, ಇದನ್ನೆಲ್ಲ ಓದೋರು ಯಾರು?" ಶೇಖರಣೆ, ಮಾರುಕಟ್ಟೆ ಎರಡೂ ವಿಭಾಗಗಳಲ್ಲಿ ದುಡಿದು ನಿವೃತ್ತನಾದವನು ನಾನು. ಹೊಸದಾಗಿ ಬಂದವರು ಮೊದಲ ವಾರ ಈ ಪ್ರಶ್ನೆ ಕೇಳುತ್ತಾರೆ, ಆಮೇಲೆ ಮರೆತುಬಿಡುತ್ತಾರೆ. ನೀನು ಮರೆಯಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಪ್ರತಿ ವರದಿಯನ್ನು ಕೈಗೆತ್ತಿಕೊಂಡಾಗಲೂ ಕೇಳಿಕೊ: ಇದನ್ನು ನೋಡಿ ಯಾರು, ಎಷ್ಟು ಹೊತ್ತಿನೊಳಗೆ, ಏನನ್ನು ಬದಲಾಯಿಸುತ್ತಾರೆ? ಸಂಜೆಯ ಶೇಖರಣೆಯ ಲೆಕ್ಕ ಅದೇ ರಾತ್ರಿ ಮುಖ್ಯ ಡೇರಿಗೆ ತಲುಪಲೇಬೇಕು. ಬೆಳಗಿನ ಪ್ಯಾಕೆಟ್‌ಗೆ ಎಷ್ಟು ಹಾಲು, ಮೊಸರಿಗೆ ಎಷ್ಟು, ಪುಡಿ ಘಟಕಕ್ಕೆ ಟ್ಯಾಂಕರ್ ಕಳಿಸಬೇಕೋ ಬೇಡವೋ ಎಂಬುದು ಆ ರಾತ್ರಿಯೇ ತೀರ್ಮಾನವಾಗುವ ಸಂಗತಿ. ಅದೇ ಲೆಕ್ಕ ಮರುದಿನ ಹತ್ತು ಗಂಟೆಗೆ ಬಣ್ಣಬಣ್ಣದ ಗ್ರಾಫ್ ಆಗಿ ಬಂದರೆ ಯಾರಿಗೂ ಪ್ರಯೋಜನವಿಲ್ಲ. ರೂಟ್‌ವಾರು ಜಿಡ್ಡಿನಂಶದ ಏರಿಳಿತ ವಾರಕ್ಕೊಮ್ಮೆ ಸಿಕ್ಕರೆ ಸಾಕು. ಖರೀದಿ ದರ ಪರಿಷ್ಕರಣೆಗೆ ಬೇಕಾದ ಲೆಕ್ಕ ತುಸು ತಡವಾದರೂ ಚಿಂತೆಯಿಲ್ಲ, ಆದರೆ ಅದರಲ್ಲಿ ಪೈಸೆಯೂ ಆಚೀಚೆ ಆಗಕೂಡದು, ಯಾಕೆಂದರೆ ಲೀಟರಿಗೆ ಐವತ್ತು ಪೈಸೆಯ ತೀರ್ಮಾನ ಸಾವಿರಾರು ಮನೆಗಳ ತಿಂಗಳ ಖರ್ಚನ್ನು ಅಲುಗಾಡಿಸುತ್ತದೆ.

ಅಮೆರಿಕದ ರಸೆಲ್ ಆಕಾಫ್ ಎಂಬ ವಿದ್ವಾಂಸರು 1967ರಲ್ಲೇ ಈ ಬಗ್ಗೆ ಒಂದು ಲೇಖನ ಬರೆದರು. ಕಂಪ್ಯೂಟರ್ ಎಂದರೆ ಇಡೀ ಕೋಣೆ ತುಂಬುತ್ತಿದ್ದ ಕಾಲ ಅದು. ಅಧಿಕಾರಿಗಳಿಗೆ ಮಾಹಿತಿ ಸಾಲುತ್ತಿಲ್ಲ ಎಂದು ಎಲ್ಲರೂ ನಂಬಿದ್ದಾಗ, ಬೇಡದ ಮಾಹಿತಿ ವಿಪರೀತವಾಗಿರುವುದೇ ಅವರ ಸಂಕಟ ಎಂದು ಆಕಾಫ್ ವಾದಿಸಿದರು. ಅವರ ಇನ್ನೊಂದು ಮಾತು ನನಗೆ ಮತ್ತೆ ಮತ್ತೆ ಉಪಯೋಗಕ್ಕೆ ಬಂದಿದೆ: ತಾನು ಹೇಗೆ ತೀರ್ಮಾನಕ್ಕೆ ಬರುತ್ತೇನೆ ಎಂಬುದು ಸ್ಪಷ್ಟವಿಲ್ಲದ ಅಧಿಕಾರಿ, ಯಾವುದಕ್ಕೂ ಇರಲಿ ಎಂದು ಎಲ್ಲವನ್ನೂ ಕೇಳುತ್ತಾನೆ. ಹಾಗಾಗಿ ನಿನ್ನ ಮೇಲಿನವರು ಹೊಸ ವರದಿ ಕೇಳಿದಾಗ "ಯಾವ ಕಾಲಂ ಬೇಕು ಸರ್" ಎಂದಷ್ಟೇ ಕೇಳಿ ಬರಬೇಡ. "ಇದು ಯಾವ ತೀರ್ಮಾನಕ್ಕೆ ಸರ್, ಯಾವತ್ತಿನ ಮೀಟಿಂಗಿಗೆ?" ಅಂತ ವಿನಯದಿಂದ ಕೇಳು. ಹತ್ತರಲ್ಲಿ ನಾಲ್ಕು ಸಲ ಅವರಿಗೆ ಬೇಕಾದದ್ದು ಬೇರೆಯೇ ಆಗಿರುತ್ತದೆ.

ಈಗ ಅಂಕಿ ಹುಟ್ಟುವ ಜಾಗದ ವಿಷಯ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಕೇಳಿಸಿಕೊ.

1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ಶುರುವಾಯಿತು, 1984ರಲ್ಲಿ ಅದೇ ಹಾಲು ಮಹಾಮಂಡಳವಾಯಿತು. ಆ ಕಾಲದ ಊರಿನ ಡೇರಿಯಲ್ಲಿ ಜಿಡ್ಡು ನೋಡುವುದೆಂದರೆ ದೊಡ್ಡ ಕೆಲಸ. ಬ್ಯುಟಿರೋಮೀಟರ್ ಎಂಬ ಗಾಜಿನ ನಳಿಕೆಗೆ 10 ಮಿಲಿ ಗಂಧಕಾಮ್ಲ, 10.75 ಮಿಲಿ ಹಾಲು, 1 ಮಿಲಿ ಅಮೈಲ್ ಆಲ್ಕೋಹಾಲ್ ಹಾಕಿ, ಬಿರಡೆ ಬಿಗಿದು, ಗಿರಗಿರನೆ ತಿರುಗಿಸಿ, ಮೇಲೆ ನಿಂತ ಜಿಡ್ಡನ್ನು ನಳಿಕೆಯ ಅಳತೆಗೆರೆಗಳಲ್ಲಿ ಕಣ್ಣಿಟ್ಟು ಓದಬೇಕು. ಆಮ್ಲ ತಾಗಿ ಅಂಗಿ ತೂತಾದ ಹಾಲು ಪರೀಕ್ಷಕರನ್ನು ನಾನು ಬಲ್ಲೆ. ಈಗ ಹಾಲಿನ ಅನಲೈಸರ್ ನಿಮಿಷದೊಳಗೆ ಜಿಡ್ಡನ್ನೂ, ಜಿಡ್ಡುರಹಿತ ಘನಾಂಶವಾದ ಎಸ್‌ಎನ್‌ಎಫನ್ನೂ ತೋರಿಸುತ್ತದೆ, ತೂಕದ ಯಂತ್ರ ಪಕ್ಕದಲ್ಲೇ ಇರುತ್ತದೆ, ಚೀಟಿ ಹೊರಬರುತ್ತದೆ, ಅಂಕಿ ನೇರ ನಿನ್ನ ಪರದೆಗೆ ಬಂದು ಕೂರುತ್ತದೆ. ರೈತನಿಗೆ ಇದರಿಂದ ಆದ ಉಪಕಾರ ಸಣ್ಣದಲ್ಲ. ತನ್ನ ಹಾಲಿಗೆ ತನ್ನ ಲೆಕ್ಕ, ಬಟವಾಡೆ ನೇರ ಖಾತೆಗೆ. ಸರ್ಕಾರ 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭಿಸಿದ ಪ್ರೋತ್ಸಾಹಧನ ಆಮೇಲೆ 5 ರೂಪಾಯಿಗೆ ಏರಿತು. ಯಾರು ಯಾವ ದಿನ ಎಷ್ಟು ಹಾಲು ಹಾಕಿದರು ಎಂಬ ದಾಖಲೆ ಇಲ್ಲದಿದ್ದರೆ ಆ ಹಣವನ್ನು ಸರಿಯಾದ ಕೈಗೆ ಮುಟ್ಟಿಸುವುದು ಹೇಗೆ?

ಆದರೂ ಒಂದು ಬೆಳಗ್ಗೆ ಆರು ಗಂಟೆಗೆ ಯಾವುದಾದರೂ ಊರಿನ ಡೇರಿ ಬಾಗಿಲಲ್ಲಿ ನಿಂತು ನೋಡು. ಸಾಲು ಉದ್ದ ಇರುತ್ತದೆ, ಸ್ಕೂಲಿಗೆ ಹೋಗುವ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡ ತಾಯಿ ಅವಸರಪಡಿಸುತ್ತಾಳೆ, ಕರೆಂಟ್ ಹೋಗುತ್ತದೆ. ಊರಿನ ಹಾಲು ಸಂಘದ ಸೆಕ್ರೆಟರಿ ಪುಸ್ತಕದಲ್ಲಿ ಬರೆದುಕೊಂಡು ಆಮೇಲೆ ಕಂಪ್ಯೂಟರಿಗೆ ಏರಿಸುತ್ತಾನೆ. ನಿನ್ನ ಪರದೆಯ ಮೇಲೆ ಒಂದು ಸಂಘದಲ್ಲಿ ಸಾಲಾಗಿ ಇಪ್ಪತ್ತು ಜನರ ಜಿಡ್ಡು 3.8 ಎಂದು ಬಂದಿದ್ದರೆ, ಅಷ್ಟೂ ಹಸುಗಳು ಒಪ್ಪಂದ ಮಾಡಿಕೊಂಡಿಲ್ಲ; ಅಂದು ಪರೀಕ್ಷೆ ಆಗಿಲ್ಲ. ಅನಲೈಸರನ್ನು ದಿನಾ ತೊಳೆಯದಿದ್ದರೆ, ಹಾಲಿನಲ್ಲಿ ನೊರೆ ಇದ್ದರೆ, ತಿಂಗಳುಗಟ್ಟಲೆ ಕ್ಯಾಲಿಬ್ರೇಷನ್ ಮಾಡಿಸದಿದ್ದರೆ ಬರುವ ಅಂಕಿ ದಶಮಾಂಶದವರೆಗೂ ಚೊಕ್ಕವಾಗಿ ತಪ್ಪಾಗಿರುತ್ತದೆ. ಇದನ್ನು ಆಫೀಸಿನಲ್ಲಿ ಕೂತು ಕಂಡುಹಿಡಿಯುವುದು ಕಷ್ಟ. ನಿನ್ನ ವಿಸ್ತರಣಾಧಿಕಾರಿಗಳ ಜೊತೆ ಗೆಳೆತನ ಇಟ್ಟುಕೊ, ಅವರ ಬೈಕಿನ ಹಿಂದೆ ಕೂತು ಊರೂರು ನೋಡು.

ಅಂಕಿ ಸರಿಯಾಗಿದ್ದರೂ ಅದು ಏನಾಗಿದೆ ಎಂದು ಹೇಳುತ್ತದೆಯೇ ಹೊರತು ಏಕಾಗಿದೆ ಎಂದು ಹೇಳುವುದಿಲ್ಲ. ಒಂದು ರೂಟಿನ ಹಾಲು ಇದ್ದಕ್ಕಿದ್ದಂತೆ ಇಳಿಯಿತು ಅನ್ನು. ಕಾಲುಬಾಯಿ ಲಸಿಕೆ ಹಾಕಿಸಿದ್ದರೆ ಕೆಲವು ದಿನ ರಾಸುಗಳ ಹಾಲು ಇಳಿಯುವುದುಂಟು. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಊರಿಗೆ ಊರೇ ಕಂಗಾಲಾಗಿತ್ತು. ಅಥವಾ ಖಾಸಗಿ ಡೇರಿಯವನು ಅದೇ ಬೀದಿಯಲ್ಲಿ ಕ್ಯಾನ್ ಇಟ್ಟಿರಬಹುದು, ಇಲ್ಲವೇ ಹಿಂಡಿಯ ದರ ಏರಿರಬಹುದು. ಮೊದಲ ಎರಡಕ್ಕೆ ಪಶುವೈದ್ಯರು ಬೇಕು, ಮೂರನೆಯದಕ್ಕೆ ದರದ ಮಾತು, ನಾಲ್ಕನೆಯದಕ್ಕೆ ಪಶು ಆಹಾರದ ಸಬ್ಸಿಡಿ. "ಈ ರೂಟ್ ನಷ್ಟದಲ್ಲಿದೆ, ಮುಚ್ಚಬಹುದು" ಎಂಬ ಒಂದೇ ಸಾಲಿನ ಟಿಪ್ಪಣಿ ಈ ನಾಲ್ಕನ್ನೂ ನುಂಗಿಹಾಕುತ್ತದೆ. ಅಂಥ ಟಿಪ್ಪಣಿಗೆ ನಿನ್ನ ಸಹಿ ಇರಬಾರದು.

ಎಸ್‌ಎನ್‌ಎಫ್ ವಿಷಯದಲ್ಲಿ ಇನ್ನೂ ಹುಷಾರಾಗಿರು. 8.5ಕ್ಕಿಂತ ಕಡಿಮೆ ಬಂದರೆ ನೀರು ಬೆರೆಸಿದ್ದಾರೆ ಎಂದು ಶಂಕಿಸುವುದು ಸುಲಭ, ಅದಕ್ಕೆ ಕೆಂಪು ಗುರುತು ಹಾಕುವ ಸಾಫ್ಟ್‌ವೇರ್ ಬರೆಯುವುದು ಇನ್ನೂ ಸುಲಭ. ಆದರೆ ಬಿರುಬೇಸಿಗೆಯಲ್ಲಿ, ಹಸಿ ಮೇವು ಒಣಗಿದಾಗ, ಎಚ್‌ಎಫ್ ಮಿಶ್ರತಳಿಯ ಹಸು ಹೆಚ್ಚಿರುವ ಊರಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ಯಂತ್ರದ ಗುರುತನ್ನು ನಂಬಿ ಮನುಷ್ಯರನ್ನು ಕಳ್ಳರೆಂದು ಕರೆದರೆ ಏನಾಗುತ್ತದೆ ಎಂಬುದನ್ನು ಬ್ರಿಟನ್ನಿನ ಅಂಚೆ ಸಂಸ್ಥೆ ಜಗತ್ತಿಗೇ ತೋರಿಸಿದೆ. ಅಲ್ಲಿ 1999ರಿಂದ ಹೊರೈಜನ್ ಎಂಬ ಲೆಕ್ಕದ ವ್ಯವಸ್ಥೆ ಬಂತು. ಪರದೆ ಕೊರತೆ ತೋರಿಸಿತು ಎಂಬ ಕಾರಣಕ್ಕೆ ಹಳ್ಳಿ, ಪೇಟೆಗಳ ಚಿಕ್ಕ ಅಂಚೆ ಕಚೇರಿ ನಡೆಸುತ್ತಿದ್ದ 900ಕ್ಕೂ ಹೆಚ್ಚು ಜನ ಅಪರಾಧಿಗಳಾದರು. ಕೆಲವರು ಜೈಲಿಗೆ ಹೋದರು, ಮನೆ ಮಾರಿದರು, ಪ್ರಾಣ ಕಳೆದುಕೊಂಡವರೂ ಇದ್ದಾರೆ. ಆ ಸಾಫ್ಟ್‌ವೇರಿನಲ್ಲೇ ದೋಷಗಳಿದ್ದವು ಎಂದು ಅಲ್ಲಿನ ಹೈಕೋರ್ಟ್ 2019ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಸಾಮೂಹಿಕವಾಗಿ ಶಿಕ್ಷೆ ರದ್ದುಮಾಡುವ ಕಾನೂನು ಬಂದದ್ದು 2024ರಲ್ಲಿ. ನಡುವಿನ ಅಷ್ಟೂ ವರ್ಷ "ನಾನು ತೆಗೆದುಕೊಂಡಿಲ್ಲ" ಎಂದವರ ಮಾತಿಗಿಂತ ಪರದೆಯ ಮಾತಿಗೇ ತೂಕ ಇತ್ತು. ನಿನ್ನ ಕೆಂಪು ಗುರುತು ಬಿದ್ದ ಸೆಕ್ರೆಟರಿಗೆ, ಹಾಲು ಹಾಕುವ ಆ ತಾಯಿಗೆ, ತಮ್ಮ ಮಾತು ಹೇಳಲು ಒಂದು ದಾರಿ ಇರಲೇಬೇಕು: ಮಾದರಿಯನ್ನು ಎದುರಿಗೇ ಮತ್ತೊಮ್ಮೆ ಪರೀಕ್ಷಿಸಲಿ, ಆಮೇಲೆ ದಂಡದ ಮಾತು. ಇದನ್ನು ವ್ಯವಸ್ಥೆಯೊಳಗೇ ಬರೆದಿಡು. ಅಧಿಕಾರಿಗಳ ಒಳ್ಳೆಯ ಮನಸ್ಸಿಗೆ ಬಿಡಬೇಡ.

ಮಾರುಕಟ್ಟೆಯ ಕಡೆ ಬಂದರೆ ಇನ್ನೊಂದು ಸೂಕ್ಷ್ಮ ಇದೆ. ಏಜೆಂಟರು ನಾಳೆಗೆ ಎಷ್ಟು ಕ್ರೇಟ್ ಬೇಕೆಂದು ಇಂಡೆಂಟ್ ಹಾಕುತ್ತಾರೆ, ನಾವು ಕಳಿಸುತ್ತೇವೆ, ಎಲ್ಲವೂ ಮಾರಾಟವಾಯಿತು ಎಂದು ದಾಖಲಾಗುತ್ತದೆ. ವರ್ಷಗಟ್ಟಲೆ ಆ ಅಂಕಿಯನ್ನೇ ಬೇಡಿಕೆ ಎಂದು ಓದುತ್ತಾ ಬಂದಿದ್ದಾರೆ. ಆದರೆ ಏಳು ಗಂಟೆಗೇ ಪ್ಯಾಕೆಟ್ ಖಾಲಿಯಾಗಿ, ಎಂಟಕ್ಕೆ ಬಂದವರು ಬರಿಗೈಯಲ್ಲಿ ಹೋಗಿದ್ದರೆ? ಅವರು ಯಾವ ಕಂಪ್ಯೂಟರಿನಲ್ಲೂ ಇಲ್ಲ. ಮಾರಿದ್ದು ಗೊತ್ತಾಗುತ್ತದೆ, ಕೇಳಿದ್ದು ಗೊತ್ತಾಗುವುದಿಲ್ಲ. ಏಜೆಂಟನಿಂದ ಹೆಚ್ಚೇನೂ ಕೇಳಬೇಡ, ಪ್ಯಾಕೆಟ್ ಮುಗಿದ ಹೊತ್ತು ಎಷ್ಟು ಎಂಬುದೊಂದನ್ನು ದಾಖಲಿಸಲು ಹೇಳು. ವರಮಹಾಲಕ್ಷ್ಮಿ, ಗೌರಿ ಗಣೇಶ, ಲಗ್ನದ ತಿಂಗಳು, ಬೇಸಿಗೆಯ ಮೊಸರು, ಆಷಾಢದ ಇಳಿತ, ಇವನ್ನು ಪಂಚಾಂಗ ನೋಡಿ ಊಹಿಸಬಹುದು. ಗಣೇಶ ಚತುರ್ಥಿ ಪ್ರತಿ ವರ್ಷ ಒಂದೇ ತಾರೀಕಿಗೆ ಬರುವುದಿಲ್ಲ, ಹೋದ ವರ್ಷದ ಇದೇ ದಿನಾಂಕದ ಜೊತೆ ಹೋಲಿಸುವ ವರದಿ ನಿನ್ನ ಟೇಬಲ್ಲಿಗೂ ಬಂದೇ ಬರುತ್ತದೆ. ಅದನ್ನು ತಿಥಿಗೆ ಹೊಂದಿಸಿ ತಿದ್ದು.

ಮಳೆಗಾಲ ಕಳೆದು ಹಸಿ ಮೇವು ಸಿಕ್ಕಾಗ ಹಾಲು ಉಕ್ಕಿ ಬರುತ್ತದೆ. ಆಗ ಬರುವುದು ದೊಡ್ಡ ಪ್ರಶ್ನೆ: ಪುಡಿ ಮಾಡಬೇಕೇ, ಬೇರೆ ರಾಜ್ಯಕ್ಕೆ ಸಗಟು ಮಾರಬೇಕೇ? 100 ಲೀಟರ್ ಹಸುವಿನ ಹಾಲಿನಿಂದ ಎಂಟೂವರೆಯಿಂದ ಒಂಬತ್ತು ಕೆಜಿ ಪುಡಿ, ನಾಲ್ಕು ಕೆಜಿಗಿಂತ ತುಸು ಹೆಚ್ಚು ಬೆಣ್ಣೆ. ಪುಡಿ ದರ ದೇಶ ವಿದೇಶದ ಮಾರುಕಟ್ಟೆಯ ಜೊತೆ ಕುಣಿಯುತ್ತದೆ, ಗೋದಾಮಿನಲ್ಲಿ ಕೂತ ಪುಡಿಯ ಮೇಲೆ ಬಡ್ಡಿ ಓಡುತ್ತಿರುತ್ತದೆ. ದರ ಹತ್ತು ರೂಪಾಯಿ ಇಳಿದರೆ ಏನು, ಮೂರು ತಿಂಗಳು ಮಾರದಿದ್ದರೆ ಏನು ಎಂದು ಬದಲಾಯಿಸಿ ಬದಲಾಯಿಸಿ ನೋಡುವ ಶಕ್ತಿಯನ್ನು ಕಂಪ್ಯೂಟರ್ ಕೊಟ್ಟಿದೆ, ಅದನ್ನು ಧಾರಾಳವಾಗಿ ಬಳಸು. ಹಿಂದೆ ಒಂದು ಲೆಕ್ಕ ಹಾಕಿ ಅದಕ್ಕೇ ಅಂಟಿಕೊಳ್ಳುತ್ತಿದ್ದೆವು, ಈಗ ಅರ್ಧ ಗಂಟೆಯಲ್ಲಿ ಇಪ್ಪತ್ತು ಲೆಕ್ಕ ನೋಡಬಹುದು. ಆದರೆ "ನಾಳೆಯಿಂದ ಹಾಲು ತರಬೇಡಿ" ಎಂಬ ಸಾಲನ್ನು ಆ ಹಾಳೆಯಲ್ಲಿ ಒಂದು ಆಯ್ಕೆಯಾಗಿ ಇಡಬೇಡ, ಅದರಿಂದ ಎಷ್ಟೇ ಉಳಿತಾಯ ಕಂಡರೂ. ಸದಸ್ಯರ ಹಾಲನ್ನು ಕೊಳ್ಳಲಿಕ್ಕೆಂದೇ ಸಹಕಾರ ಸಂಘ ಹುಟ್ಟಿದೆ.

ಕೆಲವು ಸಲ ಉತ್ತರ ಹಾಳೆಯ ಹೊರಗಿರುತ್ತದೆ. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಯೋಜನೆ ಬಂತು: ಶಾಲಾ ಮಕ್ಕಳಿಗೆ 18 ಗ್ರಾಂ ಕೆನೆಭರಿತ ಪುಡಿಯಿಂದ ಮಾಡಿದ 150 ಮಿಲಿ ಹಾಲು. ಅದಕ್ಕೆ ಮೊದಲು ಯಾವ ಒಕ್ಕೂಟದ ಪುಡಿ ಲೆಕ್ಕದಲ್ಲಿ "ಶಾಲೆಯ ಮಗು" ಎಂಬ ಕಾಲಂ ಇದ್ದೀತು? 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಉಲ್ಟಾ ಪಾಠ. ಹೋಟೆಲು, ಸ್ವೀಟ್ ಅಂಗಡಿ, ಮದುವೆ ಎಲ್ಲ ಬಂದ್, ಹಸುಗಳು ಮಾತ್ರ ಎಂದಿನಂತೆ ಹಾಲು ಕೊಟ್ಟವು. ಹಿಂದಿನ ವರ್ಷಗಳ ಮಾರಾಟ ನೋಡಿ ಮುಂದಿನದನ್ನು ಹೇಳುವ ಲೆಕ್ಕಗಳೆಲ್ಲ ಒಂದೇ ವಾರದಲ್ಲಿ ಕೆಲಸಕ್ಕೆ ಬಾರದೆ ಹೋದವು. ಸರ್ಕಾರ ಹೆಚ್ಚಾದ ಹಾಲನ್ನು ಕೊಂಡು ಬಡವರ ಬಡಾವಣೆಗಳಲ್ಲಿ ಉಚಿತವಾಗಿ ಹಂಚಿತು. ಅಂಥ ಹೊತ್ತಿನಲ್ಲಿ ನಿನಗೆ ಬೇಕಾಗುವುದು ಹಾಲು ತಂಪುಮಾಡಿ ಇಡುವ ಯಾವ ಬಿಎಂಸಿಯಲ್ಲಿ ಈ ಗಳಿಗೆ ಎಷ್ಟು ಹಾಲಿದೆ, ಯಾವ ಟ್ಯಾಂಕರ್ ಎಲ್ಲಿದೆ ಎಂಬ ಸರಳ ಮಾಹಿತಿ. ಮುನ್ನಂದಾಜಿನ ಮೇಲೆ ಎಷ್ಟೇ ಖರ್ಚು ಮಾಡಲಿ, ಈ ಸರಳ ಮಾಹಿತಿಯನ್ನು ಯಾರೂ ಸಡಿಲ ಬಿಡದಂತೆ ನೋಡಿಕೊ.

ಊರುಗಳಿಂದ ಬರೀ ಪಡೆಯುತ್ತಲೇ ಇರಬೇಡ, ಮರಳಿ ಕೊಡು. ಸೆಕ್ರೆಟರಿಗೆ ಅವನ ಸಂಘದ ಮೂರು ವರ್ಷದ ಏರಿಳಿತ ಒಂದು ಪುಟದಲ್ಲಿ, ಕನ್ನಡದಲ್ಲಿ ಹೋಗಲಿ. ಹಾಲು ಹಾಕುವ ಹೆಣ್ಣುಮಗಳಿಗೆ ಅವಳ ಹಸುವಿನ ಜಿಡ್ಡು ಯಾವ ತಿಂಗಳಿಂದ ಇಳಿಯುತ್ತಿದೆ ಎಂದು ಮೊಬೈಲಿಗೆ ಸಂದೇಶ ಬಂದರೆ ಖನಿಜ ಮಿಶ್ರಣ ಹಾಕಬೇಕೋ, ಡಾಕ್ಟರನ್ನು ಕರೆಸಬೇಕೋ ಅವಳೇ ತೀರ್ಮಾನಿಸುತ್ತಾಳೆ. ಒಕ್ಕೂಟದಲ್ಲಿ ನಡೆಯುವ ತೀರ್ಮಾನಗಳಲ್ಲಿ ಅತಿ ಹೆಚ್ಚು ಆಗುವುದು ಎಂ.ಡಿ. ಕೋಣೆಯಲ್ಲಲ್ಲ, ಕೊಟ್ಟಿಗೆಯಲ್ಲಿ. ತಮಗೆ ಉಪಯೋಗವಾಗುವ ಅಂಕಿಯನ್ನು ಜನ ಸರಿಯಾಗಿಯೇ ಬರೆಸುತ್ತಾರೆ ಎಂಬುದನ್ನೂ ನೀನು ಕಾಣುತ್ತೀಯ.

ಕೊನೆಗೆ ನಿನ್ನ ಸ್ವಂತಕ್ಕೆ ಒಂದು ಮಾತು. ನೀನು ಕೊಟ್ಟ ಲೆಕ್ಕವನ್ನು ಮೇಲಿನವರು ಕೆಲವೊಮ್ಮೆ ಪಕ್ಕಕ್ಕಿಡುತ್ತಾರೆ. ಕೆಲವು ಸಲ ಅವರಿಗೆ ಗೊತ್ತಿರುವುದು ನಿನಗೆ ಗೊತ್ತಿರುವುದಿಲ್ಲ, ಕೆಲವು ಸಲ ಬರೀ ಒತ್ತಡ. ಎರಡನ್ನೂ ಬೇರೆ ಮಾಡಲು ನಿನಗೆ ಸಮಯ ಹಿಡಿಯುತ್ತದೆ. ಒಂದು ನೋಟ್‌ಬುಕ್ ಇಟ್ಟುಕೊ. ತಾರೀಕು, ಲೆಕ್ಕ ಏನು ಹೇಳಿತು, ತೀರ್ಮಾನ ಏನಾಯಿತು, ಅವರು ಕೊಟ್ಟ ಕಾರಣ ಏನು ಎಂದು ನಾಲ್ಕು ಸಾಲು ಬರೆ. ಮೂರು ತಿಂಗಳ ಮೇಲೆ ಕೆಳಗೆ ಇನ್ನೊಂದು ಸಾಲು ಸೇರಿಸು: ನಿಜವಾಗಿ ಏನಾಯಿತು. ಅದನ್ನು ಯಾರ ಮುಂದೂ ಹಿಡಿದು ಗೆಲ್ಲಲು ಹೋಗಬೇಡ. ಮುಂದಿನ ಹಾಲಿನ ಸುಗ್ಗಿಗೆ ಪುಡಿಯ ಮೀಟಿಂಗ್ ಕರೆದಾಗ, ಹಿಂದಿನ ದಿನ ಅದನ್ನು ಓದಿಕೊಂಡು ಹೋಗು.

ಆಶೀರ್ವಾದಗಳೊಂದಿಗೆ,
ದೊಡ್ಡಪ್ಪ